ಬುಧವಾರ ತಪ್ಪದೆ ಶುಕ್ರನೌಕೆಗೆ

ಯಡಿಯೂರು ಕೆರೆಯ ಪಕ್ಕದ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಜಯಸಿಂಹರನ್ನು ಕಂಡರೆ ಎಲ್ಲರಿಗೂ ಒಂದು ತೂಕ ಹೆಚ್ಚಿನ ಗೌರವ. ಅವರು ಅಂಕಿ-ಅಂಶ ಇಲಾಖೆಯಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದರೆಂಬ ಕಾರಣಕ್ಕಲ್ಲ. ಅಂಥವರು ಜಯನಗರದಲ್ಲಿ ಪಾರ್ಕಿನ ಬೆಂಚಿಗೆ ಮೂರು ಜನ ಸಿಗುತ್ತಾರೆ. ಜಯಸಿಂಹರು ಯೌವನದಲ್ಲಿ ಯಂತ್ರಮಾನವರಾಗಿದ್ದರು. ಅಂಥವರು ಯಾವ ಬೆಂಚಿನ ಮೇಲೂ ಸಿಗುವುದಿಲ್ಲ.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ‘ಶುಕ್ರನೌಕೆ’ ಎಂಬ ಕನ್ನಡ ಧಾರಾವಾಹಿ ಬುಧವಾರ ಸಂಜೆ ಏಳೂವರೆಗೆ ಟೀವಿಯಲ್ಲಿ ಬರುತ್ತಿತ್ತು. ಹದಿಮೂರೇ ಕಂತು. ನಾಲ್ಕು ಜನ ಆಕಾಶನೌಕೆ ಹತ್ತಿ ಶುಕ್ರಗ್ರಹಕ್ಕೆ ಹೋಗುವ ಕಥೆ. ಅವರ ಜೊತೆಗೆ ಅಡಿಯಿಂದ ಮುಡಿಯವರೆಗೆ ತಗಡು ಹೊದ್ದ, ಲೋಹಣ್ಣ ಎಂಬ ಯಂತ್ರಮಾನವನೊಬ್ಬ. ಯಾರು ಏನು ಹೇಳಿದರೂ ಅವನು ಎರಡು ಕೈಯನ್ನೂ ಮೊಣಕೈಗೆ ಮಡಿಸಿ, “ಆಜ್ಞೆ ಅರ್ಥವಾಯಿತು. ಎಣ್ಣೆ ಬಿಡಿ” ಎನ್ನುತ್ತಿದ್ದ. ಆ ತಗಡಿನ ಒಳಗಿದ್ದವರು ತಮ್ಮ ಯಜಮಾನರು ಎಂದು ವಾರಿಜಮ್ಮ ಮೂವತ್ತೇಳು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಮದುವೆ, ಮುಂಜಿ, ನಾಮಕರಣ ಯಾವುದಕ್ಕೆ ಹೋದರೂ ವಾರಿಜಮ್ಮ ಪಕ್ಕದವರ ಕಿವಿಯಲ್ಲಿ ಒಂದು ಮಾತು ಹಾಕುವರು. ಐದು ನಿಮಿಷದಲ್ಲಿ ಮಕ್ಕಳ ದಂಡು ಮುತ್ತಿಕೊಳ್ಳುವುದು. ಜಯಸಿಂಹರು ಪಂಚೆ ಬಿಗಿಮಾಡಿಕೊಂಡು, ಕೈ ಮಡಿಸಿ, “ಆಜ್ಞೆ ಅರ್ಥವಾಯಿತು. ಎಣ್ಣೆ ಬಿಡಿ” ಎನ್ನುವರು. ಒಂದು ಬೀಗರ ಊಟದಲ್ಲಿ ಎಲೆಯ ಮುಂದೆ ಕೂತು ಹೀಗೆಂದಾಗ ಬಡಿಸುವವನು ನಿಜವಾಗಿಯೂ ಒಂದು ಸೌಟು ತುಪ್ಪ ಬಿಟ್ಟು ಹೋಗಿದ್ದ.

ಈ ಕೀರ್ತಿಯಲ್ಲಿ ತೊಡಕು ಒಂದೇ. ಜಯಸಿಂಹರು ಆ ತಗಡಿನ ಒಳಗೆ ಯಾವತ್ತೂ ಇರಲಿಲ್ಲ.

ಹಾಗೆಂದು ಅವರನ್ನು ಸುಳ್ಳುಗಾರರೆಂದು ಬಯ್ಯುವುದು ನ್ಯಾಯವಲ್ಲ. ಇಡೀ ಅನಾಹುತಕ್ಕೆ ಕಾರಣ ಚತುರ್ಥೀ ವಿಭಕ್ತಿಯ ‘ಗೆ’ ಪ್ರತ್ಯಯ. ಆಗ ಜಯಸಿಂಹರು ಬನಶಂಕರಿಯಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದರು. ರೂಮಿನಲ್ಲಿ ಟೀವಿ ಇರಲಿಲ್ಲ, ಎದುರು ಬೀದಿಯ ಸೋದರಮಾವನ ಮನೆಯಲ್ಲಿತ್ತು. ತ್ಯಾಗರಾಜನಗರದಲ್ಲಿ ಹೆಣ್ಣು ನೋಡಲು ಹೋದದ್ದು ಒಂದು ಬುಧವಾರ ಸಂಜೆ. ಮಾವ ಬಾಯಿತುಂಬ ಕೇಸರಿಭಾತು ಇಟ್ಟುಕೊಂಡು ಹುಡುಗನ ಗುಣಗಾನ ಮಾಡಿದರು.

“ನಮ್ಮ ಹುಡುಗ ಅಪರಂಜಿ. ಆಫೀಸು, ರೂಮು, ಅಷ್ಟೇ. ಬುಧವಾರ ಮಾತ್ರ ತಪ್ಪದೆ ಶುಕ್ರನೌಕೆಗೆ ಬರ್ತಾನೆ. ಇವತ್ತು ಕಡೇ ಕಂತು. ನಿಮ್ಮ ಮಗಳನ್ನ ನೋಡಬೇಕೂಂತ ಅದನ್ನೂ ಬಿಟ್ಟು ಬಂದಿದಾನೆ.”

ಹುಡುಗ ಧಾರಾವಾಹಿ ನೋಡುವುದಕ್ಕೆ ತಮ್ಮ ಮನೆಗೆ ಬರುತ್ತಾನೆ ಎಂದು ಮಾವನ ಮಾತಿನ ಅರ್ಥ. ಟೀವಿ ಇಲ್ಲದವರು ಇದ್ದವರ ಮನೆಗೆ ‘ಟೀವಿಗೆ’ ಹೋಗುವುದು ಆ ಕಾಲದಲ್ಲಿ ಹೆಪ್ಪಿಗೆ ಹೋಗುವಷ್ಟೇ ಸಹಜ. ಹುಡುಗಿಯ ತಂದೆ ಮಾತ್ರ ಕುರ್ಚಿಯ ತುದಿಗೆ ಬಂದರು.

“ಶುಕ್ರನೌಕೆಗೆ ಬರ್ತಾರಾ? ಟೀವೀಲಿ?”

“ಟೀವೀಗೇ,” ಎಂದರು ಮಾವ. “ಮೊದಲನೇ ಕಂತಿಂದ ಒಂದೂ ತಪ್ಪಿಸಿಲ್ಲ.”

ಅಲ್ಲಿಯವರೆಗೆ ಕಾಫಿ ಲೋಟಗಳನ್ನೇ ನೋಡುತ್ತಿದ್ದ ಹುಡುಗಿ ಥಟ್ಟನೆ ತಲೆಯೆತ್ತಿ ಜಯಸಿಂಹರನ್ನು ನೇರವಾಗಿ ನೋಡಿದಳು. ಅದಕ್ಕೆ ಮುಂಚೆ ಅವರು ಐದು ಹೆಣ್ಣು ನೋಡಿದ್ದರು. ಐವರಲ್ಲಿ ಯಾರೂ ಅವರನ್ನು ಹಾಗೆ ನೋಡಿರಲಿಲ್ಲ.

“ಯಾವ ಪಾತ್ರ? ಮುಖ ನೋಡಿದ ಹಾಗಿಲ್ಲವಲ್ಲ?” ಎಂದರು ಹುಡುಗಿಯ ತಂದೆ.

‘ಅಲ್ಲ’ ಎನ್ನಬೇಕಾದ ಗಳಿಗೆ ಅದೇ. ಜಯಸಿಂಹರು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಹುಡುಗಿ ಇನ್ನೂ ನೋಡುತ್ತಲೇ ಇದ್ದಳು.

“ಮುಖ ಕಾಣಿಸಲ್ಲ,” ಎಂದಿತು ಅವರ ಬಾಯಿ. “ಡಬ್ಬ ಹಾಕಿರ್ತಾರೆ.”

“ಲೋಹಣ್ಣ!” ಎಂದಳು ಹುಡುಗಿ. ವಧುಪರೀಕ್ಷೆಯಲ್ಲಿ ವಾರಿಜಾ ಆಡಿದ ಮೊದಲ ಮಾತು ಅದು.

ತಂದೆಗೆ ಹಿಡಿಸಲಾರದಷ್ಟು ಸಂತೋಷ. ತಮ್ಮ ಕಡೆಯೂ ತಕ್ಕಡಿ ಸಮ ಇರಲಿ ಎಂದೋ ಏನೋ, “ನಮ್ಮ ಹುಡುಗೀನೂ ಏನು ಕಮ್ಮಿ ಇಲ್ಲ. ದಿನಾ ಬೆಳಗ್ಗೆ ರೇಡಿಯೋಗೆ ಹಾಡ್ತಾಳೆ” ಎಂದರು. ಹುಡುಗಿ ಕೂಡಲೇ ಮತ್ತೆ ತಲೆ ತಗ್ಗಿಸಿಬಿಟ್ಟಳು. ರೇಡಿಯೋ ಕಲಾವಿದೆಗೆ ಎಂಥ ವಿನಯ ಎಂದು ಜಯಸಿಂಹರು ಕರಗಿಹೋದರು.

ಮದುವೆಯಾದ ಮೇಲೆ ವಾರಿಜಮ್ಮ ಹಾಡಲಿಲ್ಲ. ಕೇಳಿದಾಗಲೆಲ್ಲ, “ಗಂಟಲು ಸರಿ ಇಲ್ಲ ರೀ” ಎನ್ನುತ್ತಿದ್ದರು. ಸಂಸಾರದ ಹೊಗೆಗೆ ಒಂದು ದೊಡ್ಡ ಕಂಠ ಬಲಿಯಾಯಿತೆಂದು ಜಯಸಿಂಹರು ನೊಂದುಕೊಂಡು, ಸಂಜೆ ಏಳಕ್ಕೆ ಸರಿಯಾಗಿ ಒಂದು ಲೋಟ ಕಾಳುಮೆಣಸಿನ ಹಾಲು ಕಾಯಿಸಿ ಕೊಡುವ ವ್ರತ ಹಿಡಿದರು. ಮೂವತ್ತೇಳು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ. ಕಂಠ ಮಾತ್ರ ಮರಳಿ ಬಂದಿರಲಿಲ್ಲ.

ಹೀಗೆ ಎಲ್ಲವೂ ನೆಮ್ಮದಿಯಾಗಿದ್ದಾಗ, ಏಪ್ರಿಲ್ ರಜೆಗೆ ಜೆ.ಪಿ. ನಗರದಿಂದ ಬಂದ ಮೊಮ್ಮಗಳು ಪ್ರಕೃತಿ ಒಂದು ಮಧ್ಯಾಹ್ನ ಮೊಬೈಲ್ ಹಿಡಿದು ಓಡಿಬಂದಳು.

“ತಾತ, ಸಿಕ್ಕಿಬಿದ್ರಿ!”

ಜಯಸಿಂಹರು ಕೂತಲ್ಲಿಂದ ಎದ್ದೇಬಿಟ್ಟರು.

“ಯೂಟ್ಯೂಬಲ್ಲಿ ಸಿಕ್ಕಿಬಿದ್ರಿ! ಯಾರೋ ಹಳೇ ಕ್ಯಾಸೆಟ್‌ನಿಂದ ಶುಕ್ರನೌಕೆ ಹಾಕ್ತಾ ಇದಾರೆ. ದಿನಕ್ಕೊಂದು ಕಂತು, ಸಂಜೆ ಐದಕ್ಕೆ. ಇವತ್ತು ಮೊದಲನೇದು!”

ಆ ಸಂಜೆ ನಡುಮನೆಯ ದೊಡ್ಡ ಟೀವಿಯ ಮುಂದೆ ಮೂವರಷ್ಟೇ ಕೂತರು. ಎರಡನೇ ಸಂಜೆ ಹತ್ತು ಜನ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಂದಕುಮಾರ್ ಮೈಕು ಕಂಡರೆ ಮಗುವನ್ನು ಕಂಡಂತೆ ಕೈಚಾಚುವ ಮನುಷ್ಯ. ಅವರು ಕುರ್ಚಿ ಸಮೇತ ಬಂದರು. ನೆಲಮಹಡಿಯ ಬೋರಣ್ಣ, ಅಕ್ಕಯಮ್ಮ ದಂಪತಿಯೂ ಬಂದರು. ಅಪಾರ್ಟ್‌ಮೆಂಟ್ ನಿಂತಿರುವ ಜಾಗ ಒಂದು ಕಾಲಕ್ಕೆ ಬೋರಣ್ಣನವರ ತೋಟ. ಅಕ್ಕಯಮ್ಮ ಗಂಡನಿಗಿಂತ ಒಂದು ಗೇಣು ಎತ್ತರ. ಜಯಸಿಂಹರ ಮನೆಯ ಬಾಗಿಲಿಗೂ ಬಗ್ಗಿಯೇ ಒಳಗೆ ಬರಬೇಕು.

ಮೂವತ್ತೇಳು ವರ್ಷದ ಹಿಂದೆ ಜಯಸಿಂಹರು ಉಸಿರು ಬಿಗಿಹಿಡಿದು ನೋಡಿದ್ದ ಆಕಾಶನೌಕೆಯನ್ನು ಪ್ರಕೃತಿ ಐದು ನಿಮಿಷದಲ್ಲಿ ಬಿಚ್ಚಿ ಹರಡಿದಳು.

“ಅಜ್ಜಿ, ಆಂಟೆನಾ ನೋಡಿ, ಇಡ್ಲಿ ಸ್ಟ್ಯಾಂಡು! ಕ್ಯಾಪ್ಟನ್ ತಲೆ ಮೇಲಿರೋದು ಸ್ಕೂಟರ್ ಹೆಲ್ಮೆಟ್ಟು! ನೌಕೆ ಸ್ಪೀಡ್ ಮಾಡೋಕೆ ಏನು ತಿರುಗಿಸ್ತಿದಾರೆ? ಫ್ಯಾನ್ ರೆಗ್ಯುಲೇಟರ್!”

ನಿಜವೇ. ಉಲ್ಕೆಗಳ ಮಳೆ ಶುರುವಾದಾಗ ಕ್ಯಾಪ್ಟನ್, “ಐದಕ್ಕೆ ತಿರುಗಿಸು!” ಎಂದು ಕಿರುಚುತ್ತಿದ್ದ. ಐದಕ್ಕಿಂತ ಹೆಚ್ಚಿನ ವೇಗ ವಿಶ್ವದಲ್ಲಿ ಇರಲಿಲ್ಲ. ಕಥೆ ನಡೆಯುವುದು ಬಹು ದೂರದ ಭವಿಷ್ಯದಲ್ಲಿ, ಎಂದರೆ ಕ್ರಿಸ್ತಶಕ ಎರಡು ಸಾವಿರದ ಹದಿನೈದರಲ್ಲಿ. ಆಗ ಬೆಂಗಳೂರಿನ ಜನಸಂಖ್ಯೆ ಭಯಂಕರವಾಗಿ ಏರಿ ಅರವತ್ತು ಲಕ್ಷ ಮುಟ್ಟಿದೆ. ಕಾಲಿಡಲು ಜಾಗವಿಲ್ಲದೆ ಮನುಷ್ಯರು ಸೈಟು ಹುಡುಕಿಕೊಂಡು ಶುಕ್ರಗ್ರಹಕ್ಕೆ ಹೊರಟಿದ್ದಾರೆ.

“ಅರವತ್ತು ಲಕ್ಷಕ್ಕೇ ಓಡಿಹೋದ್ರಾ?” ಎಂದು ನಂದಕುಮಾರ್ ಕನಿಕರಪಟ್ಟರು. “ಸಿಲ್ಕ್ ಬೋರ್ಡ್ ಸಿಗ್ನಲ್ ತೋರಿಸಬೇಕಿತ್ತು ಸಾರ್ ಇವರಿಗೆ.”

ನೌಕೆ ಶುಕ್ರಗ್ರಹದಲ್ಲಿ ಇಳಿದಾಗ ಬೋರಣ್ಣ ಎದ್ದು ನಿಂತರು.

“ಏ, ಇದ್ಯಾವ ಶುಕ್ರಗ್ರಹ? ನಮ್ಮ ಮಾವನ ಹೊಲದ ಬಂಡೆ ಕಣ್ರಯ್ಯ! ಕುಮಾರಸ್ವಾಮಿ ಲೇಔಟಲ್ಲಿ ಈಗ ಪೂರಾ ಸೈಟು ಆಗೋಗೈತೆ.”

ಸೈಟಿನ ಮಟ್ಟಿಗೆ ಭವಿಷ್ಯವಾಣಿ ನಿಜವಾಗಿತ್ತು. ಅಷ್ಟರಲ್ಲಿ ಶುಕ್ರಗ್ರಹದ ಅಂಚಿನಲ್ಲಿ ಒಂದು ಕೆಂಪು ಸಿಟಿ ಬಸ್ಸು ಹಾದುಹೋಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕಯಮ್ಮ ಮಾತ್ರ ನಗಲಿಲ್ಲ. ಪರದೆಯ ಮೇಲೆ ಧಪ್ ಧಪ್ ಎಂದು ನಡೆಯುತ್ತಿದ್ದ ಲೋಹಣ್ಣನನ್ನೇ ನೋಡುತ್ತ, “ಆ ತಗಡಿನೊಳಗೆ ಬೆನ್ನು ಕಡೀತದೆ. ಕೆರ್ಕೊಳ್ಳಾಕೆ ಕೈ ಹೋಗಾಕಿಲ್ಲ. ಅಲ್ವಾ ಸಾರ್?” ಎಂದರು.

“ಹೌದೌದು, ಬಹಳ ಕಡಿತ,” ಎಂದರು ಜಯಸಿಂಹರು, ಈ ಹೆಂಗಸಿಗೆ ತಮ್ಮ ಮೇಲೆ ಏನೋ ಗುಮಾನಿ ಎಂದುಕೊಂಡು.

ಪ್ರಕೃತಿಯ ಕೋಪವೆಲ್ಲ ನಳಿನಿ ಎಂಬ ಪಾತ್ರದ ಮೇಲೆ ತಿರುಗಿತು. ನಳಿನಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ವಿಜ್ಞಾನಿ. ಆದರೆ ಮೊದಲ ಆರು ಕಂತಿನಲ್ಲಿ ಹನ್ನೊಂದು ಸಲ ಕಾಫಿ ಮಾಡಿದ್ದಳು.

“ಪಿಎಚ್‌ಡಿ ಮಾಡಿ ಕಾಫಿ ಮಾಡಕ್ಕೆ ಶುಕ್ರಗ್ರಹಕ್ಕೆ ಹೋಗ್ಬೇಕಾ ಅಜ್ಜಿ? ನೀವೆಲ್ಲ ಹೇಗೆ ಸುಮ್ನೆ ನೋಡ್ತಿದ್ರಿ?”

ವಾರಿಜಮ್ಮ ಮೊಮ್ಮಗಳ ಕಡೆ ತಿರುಗಿದರು. “ಕಾಫಿ ನನ್ನ ಕಣ್ಣಿಗೆ ಬೀಳಲೇ ಇಲ್ಲ ಕಣೇ. ನಾವೂ ಮನೇಲಿ ಅದನ್ನೇ ಮಾಡ್ತಿದ್ವಲ್ಲ. ಒಬ್ಬ ಹೆಂಗಸು ಆಕಾಶಕ್ಕೆ ಹೋದಳು ಅನ್ನೋದು ಮಾತ್ರ ಕಾಣಿಸಿತು. ಪಕ್ಕದ ಮನೆ ನಡುಮನೇಲಿ ಕೂತು ನಾನೊಬ್ಬಳೇ ಚಪ್ಪಾಳೆ ತಟ್ಟಿದ್ದೆ.”

ಪ್ರಕೃತಿ ನಳಿನಿಯನ್ನು ಅಲ್ಲಿಗೆ ಬಿಟ್ಟಳು. ಆದರೆ ತಾತನ ವಿಷಯದಲ್ಲಿ ಅವಳ ಸಂಶೋಧನೆ ನಿಲ್ಲಲಿಲ್ಲ. ಏಳನೇ ಕಂತನ್ನು ಒಂದು ಕಡೆ ನಿಲ್ಲಿಸಿ, “ತಾತ, ಲೋಹಣ್ಣ ನೌಕೆ ಬಾಗಿಲಿಗಿಂತ ಎತ್ತರ ಇದಾನೆ. ನೀವು ಐದಡಿ ಮೂರಿಂಚು” ಎಂದಳು.

“ಒಳಗೆ ಕಾಲಿಗೆ ಮಣೆ ಕಟ್ಟಿದ್ರು,” ಎಂದರು ಜಯಸಿಂಹರು.

“ಮಣೆ ಕಟ್ಕೊಂಡು ಬಂಡೆ ಮೇಲೆ ಓಡ್ತಿದ್ರಾ?”

“ಅಭ್ಯಾಸ ಮಗು, ಅಭ್ಯಾಸ.”

ನೆರೆಹೊರೆಯವರು ತಲೆದೂಗಿದರು. ಮಾರನೆಯ ದಿನದ ಹೊತ್ತಿಗೆ ಆ ಮಣೆ ಕೆಳಗಿನ ಮಹಡಿಗಳಲ್ಲಿ ಎರಡು ಮಣೆಯಾಗಿತ್ತು.

ಪ್ರತಿ ಕಂತಿನ ಕೊನೆಗೂ ‘ಕಲಾವಿದರ ಹೆಸರುಗಳು ಕೊನೆಯ ಕಂತಿನಲ್ಲಿ’ ಎಂಬ ಒಂದು ಸಾಲು ಬರುತ್ತಿತ್ತು. ಆ ಕೊನೆಯ ಕಂತನ್ನು ಜಯಸಿಂಹರು ನೋಡಿರಲಿಲ್ಲ, ವಾರಿಜಮ್ಮನೂ ನೋಡಿರಲಿಲ್ಲ. ಆ ಹೊತ್ತಿಗೆ ಇಬ್ಬರೂ ತ್ಯಾಗರಾಜನಗರದಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಈಗ ಅದು ಭಾನುವಾರ ಐದಕ್ಕೆ ಬರಲಿತ್ತು, ಹೆಸರುಗಳ ಸಮೇತ.

ಅದು ಸಾಲದೆಂಬಂತೆ ನಂದಕುಮಾರ್ ಗುರುವಾರ ಬೆಳಗ್ಗೆ ಒಂದು ಕಾರ್ಡು ಹಿಡಿದು ಬಂದರು. ಭಾನುವಾರದ ಕೊನೆಯ ಕಂತನ್ನು ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿ, ಜಯಸಿಂಹರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿಯ ಸನ್ಮಾನ.

“ನಿಮಗೆ ಶುಕ್ರದೆಸೆ ಸಾರ್!” ಎಂದರು ನಂದಕುಮಾರ್. “ಫ್ಲೆಕ್ಸ್ ಕೊಟ್ಟಾಯ್ತು. ಲೋಹಣ್ಣನ ಮೈಗೆ ನಿಮ್ಮ ಪಾಸ್‌ಪೋರ್ಟ್ ಫೋಟೋ ಜೋಡಿಸಿದೀವಿ. ಮೇಡಂ, ನಿಮ್ಮನ್ನೂ ಬಿಟ್ಟಿಲ್ಲ. ನೀವು ರೇಡಿಯೋ ಕಲಾವಿದೇಂತ ಸಾರ್ ಎಷ್ಟು ಸಲ ಹೇಳಿದಾರೆ. ನೋಡಿ, ಮೊದಲನೇ ಸಾಲೇ ನಿಮ್ಮದು: ‘ಪ್ರಾರ್ಥನೆ: ರೇಡಿಯೋ ಕಲಾವಿದೆ ಶ್ರೀಮತಿ ವಾರಿಜಾ’.”

ವಾರಿಜಮ್ಮನ ಮುಖ ಬಿಳಿಚಿಕೊಂಡಿತು. ಸಂಜೆಯ ಹೊತ್ತಿಗೆ ಅವರಿಗೆ ಗಂಟಲು ಕಟ್ಟಿತು. ಜಯಸಿಂಹರು ಹಾಲಿಗೆ ಮೆಣಸನ್ನು ಎರಡು ಪಾಲು ಮಾಡಿದರು.

ಈಗ ಜಯಸಿಂಹರ ಎದುರಿಗಿದ್ದ ಪ್ರಶ್ನೆ ಸರಳ. ಊರ ಮುಂದೆ ತಾವು ನಗೆಪಾಟಲಾಗುವುದು ದೊಡ್ಡದಲ್ಲ. ಮೂವತ್ತೇಳು ವರ್ಷ ತಲೆಯೆತ್ತಿ ಹೇಳಿಕೊಂಡು ಬಂದವರು ವಾರಿಜಮ್ಮ. ಎಲ್ಲರ ಮುಂದೆ ಪರದೆಯ ಮೇಲೆ ಬೇರೆ ಹೆಸರು ಬಂದರೆ ಆ ತಲೆ ತಗ್ಗುತ್ತದೆ. ಅದಕ್ಕೆ ಮುಂಚೆ ತಾವೇ ಹೇಳಿಬಿಡಬೇಕು. ಶುಕ್ರವಾರ ಬೆಳಗ್ಗೆ ಅವರು ಧೈರ್ಯ ಮಾಡಿ ಅಡುಗೆಮನೆಗೆ ಹೋದರು.

“ವಾರಿಜಾ, ಆವತ್ತು ನಮ್ಮ ಮಾವ ಒಂದು ಮಾತಂದ್ರಲ್ಲ, ಅದರಲ್ಲಿ ‘ಗೆ’ ಅಂತ ಒಂದಿತ್ತು.”

“ಗೆ ಅಂದ್ರೆ?” ಎಂದರು ವಾರಿಜಮ್ಮ ಪಿಸುದನಿಯಲ್ಲಿ.

“ವಿಭಕ್ತಿ ಪ್ರತ್ಯಯ. ಪ್ರಥಮಾ, ದ್ವಿತೀಯಾ ಅಂತ ಶುರುವಾಗುತ್ತಲ್ಲ...”

“ಒಗ್ಗರಣೆ ಸೀದು ಹೋಗ್ತಿದೆ, ನಿಮಗೆ ವ್ಯಾಕರಣ. ಆ ಕರಿಬೇವು ಬಿಡಿಸಿಕೊಡಿ.”

ಜಯಸಿಂಹರು ಕರಿಬೇವು ಬಿಡಿಸಿಕೊಟ್ಟು ಹೊರಗೆ ಬಂದರು. ಶನಿವಾರ ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಬಾಯಿಗೆ ಬಂದೇಬಿಟ್ಟಿದ್ದ ಮಾತು, ವಾರಿಜಮ್ಮ ಬಣ್ಣಬಣ್ಣದ ರಾಶಿಯನ್ನೆಲ್ಲ ಪಕ್ಕಕ್ಕೆ ಸರಿಸಿ ಬೂದುಬೆಳ್ಳಿಯ ಒಂದು ಸೀರೆ ಎತ್ತಿಕೊಂಡದ್ದು ಕಂಡು ನಿಂತುಹೋಯಿತು.

“ಇದೇ ಇರಲಿ ರೀ,” ಎಂದರು ವಾರಿಜಮ್ಮ. “ಲೋಹಣ್ಣನ ತಗಡಿಗೆ ಹೊಂದುತ್ತೆ.”

ಜಯಸಿಂಹರಿಗೆ ಕಣ್ಣು ಹನಿಗೂಡಿತು. ಏಸಿ ಗಾಳಿ ಎಂದು ಹೇಳಿ ಒರೆಸಿಕೊಂಡರು.

ಭಾನುವಾರ ಸಂಜೆ ಕಾರುಗಳನ್ನೆಲ್ಲ ಬೀದಿಗೆ ಹಾಕಿ, ಕಂಬದಿಂದ ಕಂಬಕ್ಕೆ ಬಿಳಿ ದುಪ್ಪಟಿ ಕಟ್ಟಿದ್ದರು. ಫ್ಲೆಕ್ಸಿನಲ್ಲಿ ಆರಡಿ ತಗಡಿನ ಮೇಲೆ ಜಯಸಿಂಹರ ಕನ್ನಡಕದ ಮುಖ ಗಾಬರಿಯಿಂದ ನೋಡುತ್ತಿತ್ತು. ವಾರಿಜಮ್ಮ ಬೂದುಬೆಳ್ಳಿಯ ಸೀರೆಯುಟ್ಟು, ಏಪ್ರಿಲ್ ಸೆಕೆಯಲ್ಲಿ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದು, ಗಂಟಲು ತೋರಿಸಿ ಕೈಯಾಡಿಸಿದರು. ಪ್ರಾರ್ಥನೆಯನ್ನು ಪ್ರಕೃತಿಯ ಮೊಬೈಲಿನಿಂದ ಹಾಕಿಸಬೇಕಾಯಿತು. ಆಮೇಲೆ ನಂದಕುಮಾರ್ ಮೈಕು ಹಿಡಿದು, “ಎರಡೂ ಕಾಲಿಗೆ ಎರಡೆರಡು ಮಣೆ ಕಟ್ಟಿಕೊಂಡು ಶುಕ್ರಗ್ರಹ ತುಳಿದ ಧೀರ” ಎಂದು ಇಪ್ಪತ್ತು ನಿಮಿಷ ಮಾತಾಡಿದರು.

ಕಂತು ಶುರುವಾಯಿತು. ಮೊದಲು ಎಲ್ಲರೂ ಎಂದಿನಂತೆ ನಗುತ್ತಿದ್ದರು. ನಳಿನಿ ಹದಿನಾರನೇ ಕಾಫಿ ಮಾಡಿದಾಗ ಪ್ರಕೃತಿ ಶಿಳ್ಳೆ ಹಾಕಿದಳು. ಆಮೇಲೆ ಕಥೆ ಬೇರೆ ದಾರಿ ಹಿಡಿಯಿತು. ಶುಕ್ರಗ್ರಹ ನಡುಗತೊಡಗಿತು. ಭೂಮಿಗೆ ಮರಳಬೇಕಾದರೆ ನೌಕೆಯ ಭಾರ ಇಳಿಯಬೇಕು, ನಾಲ್ವರಿಗಷ್ಟೇ ಜಾಗ. ಯಾರು ಇಳಿಯುವುದೆಂದು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಲೋಹಣ್ಣ ತಾನೇ ಬಾಗಿಲು ತೆರೆದು ಕೆಳಗಿಳಿದ. ನಳಿನಿ ಎಣ್ಣೆಯ ಡಬ್ಬಿ ಹಿಡಿದು ಹಿಂದೆ ಓಡಿದಳು. ಲೋಹಣ್ಣ ಕೈ ಮಡಿಸಿದ.

“ಆಜ್ಞೆ ಅರ್ಥವಾಯಿತು,” ಎಂದ. “ಎಣ್ಣೆ ಬೇಡ.”

ಇಡ್ಲಿ ಸ್ಟ್ಯಾಂಡಿನ ನೌಕೆ ದಾರದಲ್ಲಿ ತೂಗಾಡುತ್ತ ಮೇಲೇರಿತು. ದಾರ ಎಲ್ಲರಿಗೂ ಕಾಣುತ್ತಿತ್ತು, ಯಾರೂ ನಗಲಿಲ್ಲ. ಬಂಡೆಯ ಮೇಲೆ ಲೋಹಣ್ಣ ಒಬ್ಬನೇ ನಿಂತು ನೋಡುತ್ತಿದ್ದ. ಪ್ರಕೃತಿ ದುಪ್ಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. ಒಂದು ಗಳಿಗೆ ಜಯಸಿಂಹರೂ ತಮ್ಮ ಕಷ್ಟ ಮರೆತು ಅತ್ತರು. ಇಂಥ ಕಂತನ್ನು ತಪ್ಪಿಸಿಕೊಂಡಿದ್ದೆನಲ್ಲ ಎನ್ನಿಸಿತು.

ಆಗ ಹೆಸರುಗಳು ಬಂದವು. ಕ್ಯಾಪ್ಟನ್ ಹೋದ, ನಳಿನಿ ಹೋದಳು. ಆಮೇಲೆ ದುಪ್ಪಟಿಯ ಅಗಲಕ್ಕೂ ದಪ್ಪ ಅಕ್ಷರಗಳಲ್ಲಿ ಬಂತು: ‘ಲೋಹಣ್ಣ: ಕು. ಅಕ್ಕಯಮ್ಮ (ಹೊಲದ ಮಾಲೀಕರ ಮಗಳು)’.

ಮೊದಲು ತಿರುಗಿದವರು ಬೋರಣ್ಣ. ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಅಂದೇ ಮೊದಲು ಕಂಡವರಂತೆ ಕೆಳಗಿನಿಂದ ಮೇಲಕ್ಕೆ ನೋಡಿದರು.

“ನೀನೇನಮ್ಮೀ?”

“ಇನ್ಯಾರು? ಆ ಆಕ್ಟ್ರು ತಗಡು ಹಾಕ್ಕೊಂಡೇಟ್ಗೇ ಬಿಸಿಲಿಗೆ ಬಿದ್ದೋದ. ಎತ್ತರಕ್ಕಿರೋರು ಯಾರಾರ ಬರ್ರಪ್ಪಾ ಅಂದ್ರು. ಹುಲ್ಲು ಹೊರೆ ಇಳಿಸಿ ಹೋದೆ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀವ್ ಯಾವತ್ತು ಕೇಳಿದ್ರಿ?”

ನಂದಕುಮಾರರಿಗೆ ಪೇಟದ ಚಿಂತೆ. ಫ್ಲೆಕ್ಸ್ ನೋಡಿದರು, ಅಕ್ಕಯಮ್ಮನನ್ನು ನೋಡಿದರು, ಜಯಸಿಂಹರನ್ನು ನೋಡಿದರು. “ಆದರೆ ಲೋಹಣ್ಣನ ದನಿ ಗಂಡಸಿಂದಲ್ವಾ?” ಎಂದರು.

“ಮಾತು ನಂದಲ್ಲ ಕಣಪ್ಪ,” ಎಂದರು ಅಕ್ಕಯಮ್ಮ. “ನಡೆದಿದ್ದಷ್ಟೇ ನಾನು. ಮಾತು ಆಮೇಲೆ ಯಾರೋ ಸೇರಿಸಿದ್ರಂತೆ. ಅದು ಈ ಸಾರೇ ಇರಬೇಕು ಅಂತ ಸುಮ್ನಿದ್ದೆ. ಪಾಪ, ದೊಡ್ಡೋರು ಸುಳ್ಳು ಹೇಳ್ತಾರಾ?”

“ಕಂಠದಾನ!” ಎಂದು ನಂದಕುಮಾರ್ ಕುಣಿದರು. “ದೇಹ ಅಕ್ಕಯಮ್ಮೋರದು, ದನಿ ಸಾರ್‌ದು! ಹೌದು ಅಂದ್ಬಿಡಿ ಸಾರ್, ಎಲ್ಲ ಉಳಿಯುತ್ತೆ!”

ತಪ್ಪಿಸಿಕೊಳ್ಳುವ ಬಾಗಿಲು ಹಾರು ಹೊಡೆದು ತೆರೆದಿತ್ತು. ಬಾಡಿಹೋಗಿದ್ದ ವಾರಿಜಮ್ಮನ ಮುಖ ಮತ್ತೆ ಅರಳುತ್ತಿತ್ತು. ಅವರು ತಲೆಯೆತ್ತಿ ಜಯಸಿಂಹರನ್ನು ನೇರವಾಗಿ ನೋಡುತ್ತಿದ್ದರು, ತ್ಯಾಗರಾಜನಗರದಲ್ಲಿ ನೋಡಿದ ಹಾಗೆಯೇ. ಆ ನೋಟದ ಮುಂದೆ ಇನ್ನೊಂದು ಸಲ ಸುಳ್ಳು ಹೇಳುವುದು ಜಯಸಿಂಹರಿಂದ ಆಗಲಿಲ್ಲ. ಅವರು ಮೈಕು ತೆಗೆದುಕೊಂಡರು.

“ಅಲ್ಲ,” ಎಂದರು.

ಎರಡೇ ಅಕ್ಷರ. ಅಷ್ಟು ಹೇಳಲು ಮೂವತ್ತೇಳು ವರ್ಷ ಹಿಡಿಯಿತು. ಆಮೇಲೆ ಮಿಕ್ಕದ್ದೆಲ್ಲ ತಾನಾಗಿ ಬಂತು.

“ದನೀನೂ ನಂದಲ್ಲ, ಮಣೇನೂ ಇರಲಿಲ್ಲ. ನಾನು ಶುಕ್ರನೌಕೆಗೆ ಹೋಗ್ತಿದ್ದದ್ದು ಸೋದರಮಾವನ ಮನೆಗೆ, ನೋಡೋಕೆ. ನನ್ನ ಹೆಂಡತಿ ಒಂದು ಸುಳ್ಳನ್ನೂ ಹೇಳಿಲ್ಲ, ನಾನು ಹೇಳಿದ್ದನ್ನ ನಂಬಿದಾಳೆ, ಅಷ್ಟೇ. ನಗೋರು ನನ್ನನ್ನ ನೋಡಿ ನಗಿ.”

ಅವರು ತಟ್ಟೆಯಿಂದ ಪೇಟ ಎತ್ತಿಕೊಂಡು ಅಕ್ಕಯಮ್ಮನ ಮುಂದೆ ನಿಂತರು. ಕೈ ಎಟುಕಲಿಲ್ಲ. ಅಕ್ಕಯಮ್ಮ ಬಗ್ಗಿದರು. ಬೋರಣ್ಣ ಮೊದಲ ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ವಾರಿಜಮ್ಮ ಎದ್ದು ಬಂದು, ಕಂಚಿನಂಥ ದನಿಯಲ್ಲಿ “ಮನೆಗೆ ನಡೀರಿ” ಎಂದರು. ಗಂಟಲು ಕಟ್ಟಿತ್ತಲ್ಲ ಎಂದು ಕೇಳುವ ಸ್ಥಿತಿಯಲ್ಲಿ ಜಯಸಿಂಹರು ಇರಲಿಲ್ಲ.

ಮನೆ ಸೇರಿದಾಗ ಏಳಕ್ಕೆ ಐದು ನಿಮಿಷ. ಏನು ಮಾಡಬೇಕೆಂದು ತೋಚದೆ ಜಯಸಿಂಹರು ಅಭ್ಯಾಸಬಲದಿಂದ ಹಾಲು ಒಲೆಯ ಮೇಲಿಟ್ಟು ಮೆಣಸು ಕುಟ್ಟತೊಡಗಿದರು. ವಾರಿಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ನನಗೆ ಸಿಟ್ಟು ಬಂದಿದೆ.”

“ಬರಲೇಬೇಕು.”

“ಯಾಕೆ ಹಾಗಂದ್ರಿ ಆವತ್ತು?”

“ನೀನು ತಲೆ ಎತ್ತಿ ನೋಡಿದೆಯಲ್ಲ ವಾರಿಜಾ. ಅಲ್ಲ ಅಂದ್ರೆ ಮತ್ತೆ ತಗ್ಗಿಸಿಬಿಡ್ತೀಯಾ ಅಂತ ಭಯ ಆಯ್ತು.”

“ನಾನು ತಲೆ ಎತ್ತಿದ್ದು ಲೋಹಣ್ಣನಿಗಲ್ಲ. ನನ್ನನ್ನ ನೋಡೋಕೆ ಕಡೇ ದಿನದ ಶೂಟಿಂಗ್ ಬಿಟ್ಟು ಬಂದ್ರಲ್ಲಾಂತ.”

“ಶೂಟಿಂಗ್ ಎಲ್ಲಿತ್ತು? ಕಡೇ ಕಂತು ನೋಡೋದು ಬಿಟ್ಟು ಬಂದೆ, ಅಷ್ಟೇ.”

“ಹನ್ನೆರಡು ಕಂತು ಒಂದೂ ಬಿಡದೆ ನೋಡಿ?”

“ಹೂಂ.”

“ಕಡೇದು ನನಗೋಸ್ಕರ ಬಿಟ್ರಿ?”

“ಹೂಂ.”

ವಾರಿಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. “ಶೂಟಿಂಗ್ ಬಿಟ್ಟರೆ ಮಾರನೇ ದಿನ ಮಾಡಬಹುದು. ಆಗೆಲ್ಲ ಕಂತು ತಪ್ಪಿದರೆ ತಪ್ಪಿದ್ದೇ. ಇದೇ ದೊಡ್ಡದು ರೀ” ಎಂದರು.

ಹಾಲು ಉಕ್ಕಿತು. ಜಯಸಿಂಹರು ಒಲೆ ಆರಿಸಿ, ಲೋಟಕ್ಕೆ ಬಗ್ಗಿಸಿ ಮುಂದೆ ಹಿಡಿದರು. ವಾರಿಜಮ್ಮ ಲೋಟ ತೆಗೆದುಕೊಳ್ಳಲಿಲ್ಲ. ಮೂವತ್ತೇಳು ವರ್ಷದ ಹಿಂದೆ ಮಾಡಿದಂತೆಯೇ ತಲೆ ತಗ್ಗಿಸಿದರು.

“ನಮ್ಮಪ್ಪನೂ ಆವತ್ತು ಒಂದು ‘ಗೆ’ ಅಂದಿದ್ರು.”

“ಏನು?”

“ಹುಡುಗಿ ರೇಡಿಯೋಗೆ ಹಾಡ್ತಾಳೆ ಅಂತ. ಬೆಳಗ್ಗೆ ರೇಡಿಯೋ ಹಾಕ್ತಿದ್ರು, ಅದು ಹಾಡೋದು, ಅದರ ಜೊತೆಗೆ ನಾನೂ ಕಿರುಚೋದು. ಪಕ್ಕದ ಮನೆಯವರು ಕಿಟಕಿ ಹಾಕ್ಕೊಳ್ತಿದ್ರು. ನಾನು ರೇಡಿಯೋ ಸ್ಟೇಷನ್ ಮೆಟ್ಟಿಲು ಕಂಡಿಲ್ಲ ರೀ.”

ಜಯಸಿಂಹರ ಕೈಯಲ್ಲಿ ಲೋಟ ಹಾಗೆಯೇ ಇತ್ತು.

“ಮತ್ತೆ ಈ ಗಂಟಲು?”

“ಗಂಟಲಿಗೆ ಯಾವತ್ತೂ ಏನೂ ಆಗಿಲ್ಲ. ಈ ಮೆಣಸಿನ ಹಾಲು ಕಂಡ್ರೆ ನನಗೆ ವಾಕರಿಕೆ. ನೀವು ಅಷ್ಟು ಆಸೆಯಿಂದ ತಂದುಕೊಡ್ತಿದ್ರಿ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ.”

ಜಯಸಿಂಹರು ಅಂಕಿ-ಅಂಶ ಇಲಾಖೆಯವರು. ಮೂವತ್ತೇಳು ವರ್ಷಕ್ಕೆ ಎಷ್ಟು ಲೋಟವೆಂದು ಮನಸ್ಸಿನಲ್ಲೇ ಗುಣಿಸಿದರು. ಹದಿಮೂರು ಸಾವಿರದ ಐನೂರು ದಾಟಿತು. ಅಷ್ಟು ಲೋಟವನ್ನು ಈ ಹೆಂಗಸು ತಮಗೋಸ್ಕರ ಕಣ್ಣುಮುಚ್ಚಿ ನುಂಗಿದ್ದಾಳೆ ಎಂದು ಹೊಳೆದಾಗ ಅವರಿಗೆ ನಗು ಬಂತು, ಜೊತೆಗೆ ಗಂಟಲೂ ಕಟ್ಟಿತು. ಈ ಸಲ ಕಟ್ಟಿದ್ದು ನಿಜವಾದ್ದರಿಂದ ಆ ಹಾಲನ್ನು ತಾವೇ ಕುಡಿದರು. ನಾಲಗೆ ಸುಟ್ಟಿತು. ರುಚಿಯಂತೂ ಅಸಾಧ್ಯವಾಗಿತ್ತು.

“ನಾಳೆಯಿಂದ ಕಾಫಿ ಮಾಡಿಕೊಡಿ,” ಎಂದರು ವಾರಿಜಮ್ಮ. “ಮೆಣಸು ಬೇಡ.”

ಜಯಸಿಂಹರು ಲೋಟ ಕೆಳಗಿಟ್ಟು, ಎರಡು ಕೈಯನ್ನೂ ಮೊಣಕೈಗೆ ಮಡಿಸಿದರು.

“ಆಜ್ಞೆ ಅರ್ಥವಾಯಿತು.”

ವಾರಿಜಮ್ಮ ನಕ್ಕರು. ಕೊರಳಿನ ಮಫ್ಲರ್ ಬಿಚ್ಚಿ ಗೂಟಕ್ಕೆ ಹಾಕಿ, ಫ್ರಿಜ್ಜಿನ ಮೇಲಿದ್ದ ಹಳೆಯ ರೇಡಿಯೋ ತಿರುಗಿಸಿದರು. ಯಾವುದೋ ಭಾವಗೀತೆ ಬರುತ್ತಿತ್ತು. ಅವರು ಒಮ್ಮೆ ಗಂಡನ ಮುಖ ನೋಡಿ, ಕಣ್ಣು ಮುಚ್ಚಿ, ಇಷ್ಟು ವರ್ಷದಿಂದ ಕಟ್ಟಿಟ್ಟಿದ್ದ ದನಿಯನ್ನೆಲ್ಲ ಒಮ್ಮೆಲೇ ಬಿಟ್ಟರು. ಕೆಳಗಿನ ಮಹಡಿಯಲ್ಲಿ ಯಾರೋ ಕಿಟಕಿ ಹಾಕಿಕೊಂಡ ಸದ್ದಾಯಿತು. ಜಯಸಿಂಹರು ಮಣೆ ಎಳೆದುಕೊಂಡು ಮುಂದೆ ಕೂತರು. ಅಂಥ ಹಾಡನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ರೇಡಿಯೋ ಮಾತ್ರ ಪಾಪ, ತನ್ನ ಪಾಡಿಗೆ ತಾನು ಸರಿಯಾಗಿ ಹಾಡುತ್ತಿತ್ತು.